ಕೊನೆಯ ಎರಡು ಎಳನೀರು

ತಿಪಟೂರಿನ ಸುತ್ತಮುತ್ತ ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದವನಿಗೆ ಮೊದಲು ನೆನಪಾಗುವುದು ಮನೆದೇವರಲ್ಲ, ವಕೀಲ ಸೂರ್ಯಪ್ರಕಾಶ್. ಕೊಬ್ಬರಿ ಲಾರಿಯ ಡ್ರೈವರುಗಳು, ಮಂಡಿ ಯಜಮಾನರ ಮಕ್ಕಳು, ಬೀಗರ ಊಟ ಮುಗಿಸಿ ಬೈಕಿನಲ್ಲಿ ಬರುವಾಗ ಸಿಕ್ಕಿದ ಮೇಷ್ಟ್ರುಗಳು, ಎಲ್ಲರೂ ಅವನ ಆಫೀಸಿನ ಬೆಂಚು ಸವೆಸಿದವರೇ. “ಬಾಯಲ್ಲಿ ಬಾಟ್ಲಿ ಇಟ್ಕೊಂಡೇ ಸಿಕ್ಕಿದ್ರೂ ಅದು ಮಜ್ಜಿಗೆ ಅಂತ ಸಾಬೀತು ಮಾಡ್ತಾನೆ ಕಣ್ಲಾ” ಎಂದು ಸಂತೆಯಲ್ಲಿ ಆಡಿಕೊಳ್ಳುತ್ತಿದ್ದರು. ಆ ಮಾತು ಸೊಪ್ಪು ಕೊಳ್ಳಲು ಹೋದ ಅವನ ಹೆಂಡತಿ ವಿಮಲಮ್ಮನ ಕಿವಿಗೂ ಬೀಳುತ್ತಿತ್ತು. ಅವಳು ಕೇಳಿಸದವಳಂತೆ ಸೊಪ್ಪಿನ ಕಟ್ಟು ತಿರುಗಿಸಿ ನೋಡುತ್ತಿದ್ದಳು.

ಅವಳು ಹಾಗೆ ಕಿವುಡಾಗಲು ಕಾರಣವಿತ್ತು. ಇಪ್ಪತ್ತೈದು ವರ್ಷದ ಹಿಂದೆ ಅವಳ ಅಣ್ಣ ಮಲ್ಲೇಶ್, ಟಿವಿಎಸ್ ಮೇಲೆ ಡೈರಿಗೆ ಹಾಲು ಹಾಕಿ ಬರುವಾಗ, ಮಾಯಸಂದ್ರದ ರಸ್ತೆಯಲ್ಲಿ ಒಂದು ಜೀಪಿನಡಿ ಸಿಕ್ಕಿ ಸತ್ತಿದ್ದ. ಜೀಪು ಓಡಿಸುತ್ತಿದ್ದವನು ಕೊಬ್ಬರಿ ವ್ಯಾಪಾರಿಯೊಬ್ಬನ ಮಗ ಮೋಹನ್ ಕುಮಾರ್. ಹಾಡಹಗಲೇ ಕುಡಿದು ತೂರಾಡುತ್ತಿದ್ದದ್ದನ್ನು ಊರೇ ನೋಡಿತ್ತು. ಕೋರ್ಟು ಮಾತ್ರ ನೋಡಲಿಲ್ಲ. ರಕ್ತದಲ್ಲಿ ಹೆಂಡ ಸಿಗಲಿಲ್ಲವೆಂದು ಬಿಟ್ಟು ಕಳಿಸಿತು.

ಗಂಡ ಕುಡುಕರ ಕೇಸು ಹಿಡಿಯಲು ಶುರು ಮಾಡಿದಾಗ ವಿಮಲಮ್ಮ ಮೂರು ದಿನ ಮಾತು ಬಿಟ್ಟಿದ್ದಳು. ನಾಲ್ಕನೇ ದಿನ ಸೂರ್ಯಪ್ರಕಾಶ್ ಕೊರಳಿನ ಲಿಂಗ ಮುಟ್ಟಿಕೊಂಡು, “ಯಾರಾದ್ರೂ ಸತ್ತಿರೋ ಫೈಲು ಈ ಮನೆ ಹೊಸ್ತಿಲು ದಾಟಲ್ಲ ಕಣೇ. ಬರೀ ದಂಡದ ಕೇಸು, ಲೈಸೆನ್ಸ್ ಕೇಸು. ನಿಮ್ಮಣ್ಣನ ಮೇಲಾಣೆ” ಎಂದಿದ್ದ. ಇಪ್ಪತ್ತು ವರ್ಷವೂ ಆ ಮಾತಿಗೆ ತಪ್ಪಿರಲಿಲ್ಲ. ಅಣ್ಣನ ಮೇಲಿನ ಮರ್ಯಾದೆ ಎಂದುಕೊಂಡು ವಿಮಲಮ್ಮ ಅದೊಂದನ್ನೇ ಹಿಡಿದು ಸಂಸಾರ ಮಾಡಿದ್ದಳು.

ಸಂಕ್ರಾಂತಿ ಕಳೆದ ವಾರ, ಗುರುವಾರ ಬೆಳಿಗ್ಗೆ, ಅವಳು ರಾಗಿರೊಟ್ಟಿ ತಟ್ಟುತ್ತಿದ್ದಳು. ಸೂರ್ಯಪ್ರಕಾಶ್ ಒಂದು ಕೈಯಲ್ಲಿ ರೊಟ್ಟಿ, ಇನ್ನೊಂದರಲ್ಲಿ ಫೋನು ಹಿಡಿದು ಯಾರಿಗೋ ಬುದ್ಧಿ ಹೇಳುತ್ತಿದ್ದ.

“ಎಳನೀರು ಕುಡಿದ್ರೆ ಇಳಿಯುತ್ತೆ ಅಂತ ಯಾವನೋ ಹೇಳಿದ್ದು ನಿಂಗೆ? ಇಳಿಸೋದು ಎಳನೀರಲ್ಲ ಕಣಯ್ಯಾ, ಹೊತ್ತು. ಎಷ್ಟೊತ್ತಿಗೆ ಹಿಡಿದ್ರು, ಎಷ್ಟೊತ್ತಿಗೆ ರಕ್ತ ತೆಗೆದ್ರು, ಅದು ಹೇಳು ಮೊದ್ಲು.”

ಫೋನಿಟ್ಟು ಮಗಳ ಕಡೆ ತಿರುಗಿದ. ಲಿಖಿತಾಳಿಗೆ ಇಪ್ಪತ್ತೊಂದು, ತುಮಕೂರಿನಲ್ಲಿ ಕಾನೂನು ಓದುತ್ತಿದ್ದಳು, ಸೆಮಿಸ್ಟರ್ ರಜೆಗೆ ಬಂದಿದ್ದಳು.

“ನೋಡಮ್ಮ, ಮುಂದಿನ ತಿಂಗಳು ಎಂಟನೇ ತಾರೀಕು, ಭಾನುವಾರ. ನಂಗೆ ಐವತ್ತಾಯ್ತು, ವಕೀಲಿಕೆಗೆ ಇಪ್ಪತ್ತಾಯ್ತು ಅಂತ ಸ್ನೇಹಿತ್ರೆಲ್ಲ ಅಭಿನಂದನೆ ಇಟ್ಕೊಂಡಿದಾರೆ. ಪುಸ್ತಿಕೆ ಪ್ರಿಂಟ್ ಹಾಕಿಸ್ತಾರಂತೆ. ಮೊದಲನೇ ಪುಟ ವೃತ್ತಿ ಪರಿಚಯ. ನೀನೇ ಬರಿ.”

“ಹುಟ್ಟಿದ್ದು, ಓದಿದ್ದು ಬರೀಬೋದು. ಪೊಲೀಸ್ ಕೆಲ್ಸದಲ್ಲಿದ್ದೋರು ಲಾಯರ್ ಯಾಕಾದ್ರಿ ಅಂತ ಏನು ಬರೀಲಿ?”

“ನಿಮ್ಮ ತಾತನ್ನೇ ಕೇಳು. ನನಗಿಂತ ಚೆನ್ನಾಗಿ ಹೇಳ್ತಾರೆ.”

ತಾತ ಬಸವರಾಜಪ್ಪನವರು ಅಂಗಳದಲ್ಲಿದ್ದರು. ಹೆಂಡತಿ ತೀರಿಕೊಂಡ ಮೇಲೆ ಹನ್ನೊಂದು ವರ್ಷದಿಂದ ಮಗಳ ಮನೆಯಲ್ಲೇ ವಾಸ. ಮಾಯಸಂದ್ರದ ಹತ್ತಿರದ ತೋಟವನ್ನು ವಾರಕ್ಕೆರಡು ದಿನ ಬಸ್ಸಿನಲ್ಲಿ ಹೋಗಿ ನೋಡಿಕೊಂಡು ಬರುತ್ತಿದ್ದರು. ಗುರುವಾರ ಗುರುವಾರ ದುರ್ಗಯ್ಯ ತನ್ನ ಗೂಡ್ಸ್ ಆಟೋದಲ್ಲಿ ತೋಟದ ಕಾಯಿ ತಂದು ಇಳಿಸುತ್ತಿದ್ದ. ಅವನು ಆಟೋ ನಿಲ್ಲಿಸಿದ ಕೂಡಲೇ ಮುದುಕರು ಮಾಡುವ ಮೊದಲ ಕೆಲಸ ಅವನಿಗೊಂದು ಎಳನೀರು ಕೊಚ್ಚಿ ಕೊಡುವುದು. ದುರ್ಗಯ್ಯ ಒಮ್ಮೆ ನಾಚಿಕೆಪಟ್ಟು ಹತ್ತು ರೂಪಾಯಿ ತೆಗೆದಿದ್ದಕ್ಕೆ ಬೈಸಿಕೊಂಡಿದ್ದ. “ಕೊಬ್ರಿ ಮಾರು, ಕಾಯಿ ಮಾರು, ಮಟ್ಟೇನೂ ಮಾರು. ಬಾಯಾರಿ ಬಂದೋನಿಗೆ ಕೊಡೋದನ್ನ ಮಾರಬ್ಯಾಡ. ಎಳ್ನೀರಿಗೆ ಕಾಸು ಇಸ್ಕೊಂಡೋನು ತೋಟದೋನೇ ಅಲ್ಲ ಕಣಪ್ಪ” ಎಂಬುದು ಅವರ ಮಾತು. ಅವರ ಅಪ್ಪ ಹೇಳಿದ್ದೂ ಅದೇ.

“ತಾತ, ಅಪ್ಪ ಮೊದಲನೇ ಸಲ ನಿಮ್ಮ ಮನೆಗೆ ಬಂದದ್ದು ಹೇಳಿ, ಬರ್ಕೊತೀನಿ.”

ಮುದುಕರು ಮಚ್ಚು ಕೆಳಗಿಟ್ಟರು. ಈ ಕತೆ ಆ ಮನೆಯಲ್ಲಿ ನೂರು ಸಲ ಆಗಿತ್ತು. ದುರ್ಗಯ್ಯನೇ ಐವತ್ತು ಸಲ ಕೇಳಿದ್ದ.

“ಅವತ್ತು ಸಾಯಂಕಾಲ ಐದೂವರೆ ಇದ್ದಾತು ಕಣವ್ವ. ಪೊಲೀಸ್ ಜೀಪು ನಮ್ಮ ತೋಟದ ಗೇಟ್‌ತಾವ ನಿಂತ್ಕತು. ಒಬ್ಬ ಹುಡುಗ ಪೊಲೀಸು ಇಳಿದು ಬಂದ. ಅವನೇ ನಿಮ್ಮಪ್ಪ. ನಾನು, ಏನು ಪೊಲೀಸ್ನೋರೇ ಅಂದೆ. ಜೀಪಲ್ಲಿ ಒಬ್ರಿಗೆ ಹುಷಾರಿಲ್ಲ, ಎಳ್ನೀರು ಕೊಡಿ ಅಂದ. ಕೊಚ್ಚಿದೆ. ನಿಮ್ಮಮ್ಮನೇ ತಗಂಡೋಗಿ ಕೊಟ್ಟು ಬಂದ್ಲು. ಕಾಸು ಕೊಡಕ್ಕೆ ಬಂದ, ಬ್ಯಾಡ ಅಂದೆ. ಏನೋ ಹೇಳಕ್ಕೆ ಬಾಯಿ ತೆಗೆಯೋನು, ಮುಚ್ಕಳೋನು. ಹಂಗೇ ಹೋದ. ಏಳು ಗಂಟೆಗೆ ಸುದ್ದಿ ಬಂತು, ಮಲ್ಲೇಸ ಹೋದ ಅಂತ.” ಅವರು ಹೆಗಲ ಟವೆಲ್ಲಿನಿಂದ ಕಣ್ಣೊರೆಸಿಕೊಂಡರು. “ಸುದ್ದಿ ಹೇಳಕ್ಕೇ ಬಂದಿದ್ನಂತೆ ಕಣವ್ವ. ನನ್ನ ಮುಖ ನೋಡಿ ನಾಲಿಗೆ ಏಳಲಿಲ್ವಂತೆ, ಎಳ್ನೀರು ಕೇಳ್ಬುಟ್ನಂತೆ. ಕೇಸು ಸೋತ ಮೇಲೆ ಮನೇಗೆ ಬಂದು ಅತ್ಕೊಂಡು ಹೇಳ್ದ. ಒಂದು ಗುಂಜಿ ಚಿನ್ನ ಕೇಳ್ದೆ ನಿಮ್ಮಮ್ಮನ್ನ ಕೈ ಹಿಡ್ದ. ಅಂಥ ಹೆಂಗರುಳು.”

“ಅದಕ್ಕೇ ಪೊಲೀಸ್ ಕೆಲ್ಸ ಬಿಟ್ಟು ಲಾ ಓದಿದ್ದಾ ಅಪ್ಪ?”

“ಹೂಂ ಕಣವ್ವ. ಎಲ್ಲ ಆ ಡಾಕ್ಟ್ರು ಕೆಡಿಸಿದ್ದು. ಕಾಸು ತಿಂದು ರಕ್ತ ಬದಲಾಯ್ಸಿದ. ಅವನ ಮನೆ ಮುಂದೆ ನಿಂತು ನಾನೇ ಹಿಡಿ ಮಣ್ಣು ತೂರಿ ಬಂದಿದೀನಿ.”

ಒಲೆಯ ಮುಂದಿದ್ದ ವಿಮಲಮ್ಮ ಎಂದಿನಂತೆ ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ಕೇಳುತ್ತಿದ್ದಳು. ಅವತ್ತಿನ ಆ ಹುಡುಗ ಪೊಲೀಸಿನ ಒದ್ದಾಟವನ್ನು ನೆನೆದೇ ಅವಳು ಅವನನ್ನು ಒಪ್ಪಿದ್ದು. ಗಂಡನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿ, ಮೇಲೆ ಬೆಣ್ಣೆ ಇಟ್ಟಳು.

ಮುಂದಿನ ವಾರ ಅವರೆಕಾಯಿಯ ಭರಾಟೆ. ವಿಮಲಮ್ಮ ನೆನೆಸಿದ ಕಾಳನ್ನು ಮೊರದಲ್ಲಿಟ್ಟುಕೊಂಡು ಹಿದುಕುತ್ತಾ ಹಜಾರದಲ್ಲಿ ಕೂತಿದ್ದಳು. ಅಪ್ಪ ತೋಟಕ್ಕೆ ಹೋಗಿದ್ದರು, ಗಂಡ ಕೋರ್ಟಿಗೆ. ಮಧ್ಯಾಹ್ನ ಹನ್ನೆರಡಕ್ಕೆ ಲಿಖಿತಾ ಬಿಸಿಲಲ್ಲಿ ಬೆವೆತು ಬಂದಳು. ಕೈಯಲ್ಲಿ ಒಂದು ಕವರಿತ್ತು.

“ಅಮ್ಮ, ಏನು ತಂದಿದೀನಿ ನೋಡು. ಮಲ್ಲೇಶ್ ಮಾವನ ಕೇಸಿನ ತೀರ್ಪು! ಕೋರ್ಟಿನ ನಕಲು ಶಾಖೇಲಿ ಅರ್ಜಿ ಹಾಕಿದ್ದೆ. ಪರಿಚಯದಲ್ಲಿ ಇದನ್ನೇ ದೊಡ್ಡದಾಗಿ ಬರೀತೀನಿ, ಅಪ್ಪನ ಬದುಕು ಬದಲಿಸಿದ ಕೇಸು ಅಂತ.”

“ನಿಮ್ಮಪ್ಪಂಗೆ ಗೊತ್ತಾ?”

“ಸರ್‌ಪ್ರೈಸ್ ಅಮ್ಮ. ಓದ್ತೀನಿ ಕೇಳು. ಅಪ್ಪನೂ ಸಾಕ್ಷಿ ಇದರಲ್ಲಿ! ಆರನೇ ಸಾಕ್ಷಿ. ನಿಂಗೆ ಗೊತ್ತಿತ್ತಾ?”

ವಿಮಲಮ್ಮ ತಲೆಯಾಡಿಸಿದಳು. ಆಗ ಕೋರ್ಟಿಗೆ ಹೋಗಿದ್ದವರು ಅಪ್ಪ ಒಬ್ಬರೇ, ಅದೂ ಒಂದೇ ಸಲ. ಆಮೇಲಿನ ವಾಯಿದೆಗಳಿಗೆ ಬರುವುದು ಬೇಡ, ನೋಡಿ ನೋಡಿ ಸಂಕಟಪಡಬೇಡಿ, ನಾನಿದೀನಿ ಎಂದಿದ್ದವನು ಆ ಹುಡುಗ ಪೊಲೀಸೇ.

ಲಿಖಿತಾ ವಕೀಲಳ ಗತ್ತಿನಲ್ಲಿ ಗಟ್ಟಿಯಾಗಿ ಓದಿದಳು. “‘ಸದರಿ ಆರೋಪಿಯನ್ನು ಸಂಜೆ ನಾಲ್ಕೂವರೆ ಗಂಟೆಗೆ ವಶಕ್ಕೆ ಪಡೆದಿದ್ದು, ರಾತ್ರಿ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ವೈದ್ಯರ ಮುಂದೆ ಹಾಜರುಪಡಿಸಿರುವುದು ಕಂಡುಬರುತ್ತದೆ. ವೈದ್ಯರು ತಮ್ಮ ಸಾಕ್ಷ್ಯದಲ್ಲಿ, ತಾವು ಸಂಜೆಯಿಂದ ಆಸ್ಪತ್ರೆಯಲ್ಲೇ ಇದ್ದುದಾಗಿಯೂ, ವಿಳಂಬದ ಬಗ್ಗೆ ಅಂದೇ ದಾಖಲೆಯಲ್ಲಿ ಬರೆದಿಟ್ಟಿದ್ದಾಗಿಯೂ ಹೇಳಿರುತ್ತಾರೆ.’ ಅಯ್ಯೋ, ಡಾಕ್ಟರ್ ಸರಿಯಾಗೇ ಇದ್ದಾರಲ್ಲ ಅಮ್ಮ! ತಾತ ಸುಮ್ನೆ ಬೈತಾರೆ.”

“ಮುಂದಕ್ಕೆ ಓದು.”

“‘ಆರೋಪಿಯ ಬೆಂಗಾವಲಿಗಿದ್ದ ಆರನೇ ಸಾಕ್ಷಿ, ಪೊಲೀಸ್ ಪೇದೆ ಸೂರ್ಯಪ್ರಕಾಶ್, ಪಾಟೀ ಸವಾಲಿನಲ್ಲಿ, ಆರೋಪಿಗೆ ತಲೆ ಸುತ್ತುತ್ತಿದ್ದ ಕಾರಣ ದಾರಿಯಲ್ಲಿ ಒಂದು ತೋಟದ ಬಳಿ ಜೀಪು ನಿಲ್ಲಿಸಿ, ನಾಲ್ಕು ಎಳನೀರು ಪಡೆದು ಆರೋಪಿಗೆ ಕುಡಿಸಿದ್ದಾಗಿಯೂ, ತದನಂತರ ಜೀಪು ಪಂಕ್ಚರ್ ಆಗಿ ತಡವಾದದ್ದಾಗಿಯೂ, ಆರೋಪಿಯು ಮದ್ಯ ಸೇವಿಸಿದಂತೆ ತನಗೆ ಕಂಡುಬಂದಿಲ್ಲವೆಂದೂ ಒಪ್ಪಿಕೊಂಡಿರುತ್ತಾನೆ...’”

ಲಿಖಿತಾಳ ದನಿ ತಾನಾಗಿಯೇ ಇಳಿಯಿತು. ಹಿದುಕಿದ ಬೇಳೆಯೊಂದು ವಿಮಲಮ್ಮನ ಬೆರಳಿನಿಂದ ಚಿಮ್ಮಿ ನೆಲಕ್ಕೆ ಬಿತ್ತು.

“ಇನ್ನೊಂದ್ಸಲ ಓದು,” ಎಂದಳು.

“ಅಮ್ಮ...”

“ಎಳನೀರಿನದು ಓದೇ.”

ಲಿಖಿತಾ ಓದಿದಳು. ವಿಮಲಮ್ಮನಿಗೆ ಜೀಪಿನ ಹಿಂದಿನ ಸೀಟು ಕಣ್ಣಿಗೆ ಕಟ್ಟಿತು. ಮುಖದ ಮೇಲೆ ಒದ್ದೆ ಟವೆಲ್ ಹಾಕಿಕೊಂಡು ಒರಗಿದ್ದ ಒಬ್ಬ ಮನುಷ್ಯ. ಯಾರೋ ಕಾಯಿಲೆಯ ಪೊಲೀಸು ಎಂದುಕೊಂಡು, ಅವನ ಕೈಗೆ ನಿಲುಕದೆಂದು ಬಗ್ಗಿ, ಎಳನೀರನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟಿದ್ದವಳು ಅವಳೇ. ಠಾಣೆಗೂ ಆಸ್ಪತ್ರೆಗೂ ಎರಡು ಫರ್ಲಾಂಗು. ತೋಟ ಅಲ್ಲಿಂದ ಐದು ಮೈಲಿ, ಅದೂ ವಿರುದ್ಧ ದಿಕ್ಕಿಗೆ. ದಾರಿಯಲ್ಲಿ ಸಿಗುವ ತೋಟವಲ್ಲ ಅದು.

“ಆರೋಪಿ ಪರ ವಕೀಲ ಯಾರು ಅಂತ ನೋಡಿದ್ಯಾ ಅಮ್ಮ?” ಲಿಖಿತಾ ತೀರ್ಪಿನ ಮೊದಲ ಪುಟಕ್ಕೆ ತಿರುವಿದಳು. “ತುಮಕೂರಿನ ದಯಾನಂದ್. ಅಪ್ಪನ ಆಫೀಸಲ್ಲಿ ಹಾರ ಹಾಕಿದ ಫೋಟೋ ಇದೆಯಲ್ಲ. ಅಪ್ಪನ ಗುರುಗಳು. ಲಾ ಓದಿಸಿದ್ದೂ ಅವರೇ, ಜೂನಿಯರ್ ಮಾಡ್ಕೊಂಡಿದ್ದೂ ಅವರೇ.”

ವಿಮಲಮ್ಮ ಮೊರ ಸರಿಸಿ ಎದ್ದಳು. “ಅದನ್ನ ಇಲ್ಲಿ ಕೊಡು. ತಾತಂಗೆ ತೋರಿಸ್ಬೇಡ,” ಎಂದು ಕಾಗದ ಇಸಿದುಕೊಂಡು ಸೀರೆಗಳ ಅಡಿಯಲ್ಲಿಟ್ಟಳು. ಸಂಜೆ ಹಿದುಕವರೆಯ ಸಾರು ಮಾಡಿದಳು. ಉಪ್ಪು ಹಾಕಿರಲಿಲ್ಲ. ಅಪ್ಪ ಏನೂ ಅನ್ನದೆ ಉಂಡರು, ಗಂಡ ಎರಡು ಸಲ ಉಪ್ಪು ಕೇಳಿದ.

ಮಾರನೇ ದಿನ ಮಧ್ಯಾಹ್ನ ಸೂರ್ಯಪ್ರಕಾಶ್ ಊಟಕ್ಕೆ ಬಂದಾಗ ಮುದುಕರು ಬಸ್‌ಸ್ಟ್ಯಾಂಡಿನ ಕಡೆ ಹೋಗಿದ್ದರು. ವಿಮಲಮ್ಮ ಮುದ್ದೆ ಬಡಿಸಿ, ಸಾರು ಬಿಟ್ಟು, ತಟ್ಟೆಯ ಪಕ್ಕದಲ್ಲಿ ತೀರ್ಪಿನ ಕಾಗದ ಇಟ್ಟಳು. ಅವನು ಮೊದಲ ಸಾಲು ನೋಡಿದವನೇ ತುತ್ತು ಕೆಳಗಿಟ್ಟ.

“ಯಾರು ತಂದಿದ್ದು ಇದನ್ನ?”

“ಯಾರು ತಂದ್ರೇನು? ಸುಳ್ಳು ಬರ್ದಿದಾರಾ ಇದ್ರಲ್ಲಿ?”

ಅವನು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಮಗಳ ಕಡೆ ಒಮ್ಮೆ ನೋಡಿದ. “ನಂಗಾಗ ಇಪ್ಪತ್ತೈದು ವರ್ಷ ವಿಮಲಾ. ಕೆಲಸಕ್ಕೆ ಸೇರಿ ಎರಡು ವರ್ಷ ಆಗಿರಲಿಲ್ಲ. ಸಾಹೇಬ್ರು, ಇವನನ್ನ ಎಲ್ಲಿಗಾದ್ರೂ ಕರ್ಕೊಂಡು ಹೋಗು, ಒಂಬತ್ತು ಗಂಟೆ ಮೇಲೆ ಆಸ್ಪತ್ರೆಗೆ ತಾ ಅಂದ್ರು. ನಾನು ಆಗಲ್ಲ ಅಂದಿದ್ರೆ ಇನ್ನೊಬ್ಬ ಹೋಗ್ತಿದ್ದ. ನಿಮ್ಮಣ್ಣ ವಾಪಸ್ ಬರ್ತಿದ್ನಾ?”

“ಅದಲ್ಲ ನಾನು ಕೇಳೋದು. ಸುದ್ದಿ ಹೇಳಕ್ಕೆ ಬಂದಿದ್ದೆ, ನಾಲಿಗೆ ಏಳಲಿಲ್ಲ ಅಂತ ನಮ್ಮಪ್ಪನ ಮುಂದೆ ಅತ್ರಲ್ಲ. ಅದು ನಿಜವಾ?”

“ಹೊತ್ತು ಕಳೀಬೇಕಿತ್ತು. ರಸ್ತೆ ಪಕ್ಕ ತೋಟ ಕಾಣ್ತು, ನಿಲ್ಲಿಸ್ದೆ. ಯಾರ ಮನೆ ಅಂತ ಆಣೆಗೂ ಗೊತ್ತಿರಲಿಲ್ಲ.”

“ಗೊತ್ತಿರಲಿಲ್ಲ ಅಂದ್ರೆ ಸುದ್ದಿ ಹೇಳಕ್ಕೆ ಬಂದಿದ್ದು ಸುಳ್ಳು. ಸುದ್ದಿ ಹೇಳಕ್ಕೇ ಬಂದಿದ್ರೆ, ಗೊತ್ತಿತ್ತು. ಎರಡರಲ್ಲಿ ಒಂದು ಹೇಳಿ.”

ಇಪ್ಪತ್ತು ವರ್ಷ ಕಂಡಕಂಡವರಿಗೆ ಪಾಟೀ ಸವಾಲು ಹಾಕಿದವನು ತಟ್ಟೆಯನ್ನು ಒಂದಿಷ್ಟು ದೂರ ಸರಿಸಿದ. ವಿಮಲಮ್ಮ ಬಿಡಲಿಲ್ಲ.

“ಯಾವಾಗ ಗೊತ್ತಾಯ್ತು?”

“...ನಿಮ್ಮಪ್ಪ ಕೊಚ್ಚುವಾಗ. ‘ಇರಿ ಪೊಲೀಸ್ನೋರೇ, ನನ್ನ ಮಗ ಮಲ್ಲೇಸ ಹಾಲು ಹಾಕಿ ಬತ್ತಾನೆ, ಮರ ಹತ್ತಿ ಇನ್ನೊಂದು ಗೊನೆ ಇಳಿಸ್ತಾನೆ’ ಅಂದ್ರು. ಹೆಣದ ಪಕ್ಕ ಹಾಲಿನ ಕ್ಯಾನು ಬಿದ್ದಿತ್ತು. ಆಗ ಗೊತ್ತಾಯ್ತು.”

“ಅಷ್ಟೊತ್ತಿಗೆ ನಾನು ಎರಡು ತಗೊಂಡು ಹೋಗಿ ಜೀಪಿಗೆ ಕೊಟ್ಟಿದ್ದೆ.”

“ಹೂಂ.”

“ಆಮೇಲೆ ನೀವು, ಇನ್ನೂ ಎರಡು ಕೊಚ್ಚಿ ಯಜಮಾನ್ರೇ ಅಂದ್ರಿ. ನಂಗೆ ನೆನಪಿದೆ.”

ಅವನು ತೀರ್ಪಿನ ಕಾಗದ ಮಡಚತೊಡಗಿದ.

“ಗೊತ್ತಾದ ಮೇಲೆ ಕೇಳಿದ್ರಿ.”

“ಬಾಯಿ ಒಣಗಿತ್ತು ಕಣೇ. ಏನು ಮಾತಾಡ್ಬೇಕು ಅಂತ ತೋಚಲಿಲ್ಲ. ಅದೊಂದೇ ಮಾತು ಬಂತು.” ಅವನ ದನಿ ಏರಿತು. “ಏನೀಗ? ಆ ಪಾಪಕ್ಕೇ ಅಲ್ವೇನೇ ನಿನ್ನ ಮದುವೆಯಾಗಿದ್ದು? ಒಂದು ಲೋಟ ಕೇಳಿದ್ನಾ ನಿಮ್ಮಪ್ಪನ ಹತ್ರ? ಹನ್ನೊಂದು ವರ್ಷದಿಂದ ಅವರನ್ನ ತಂದೆ ಥರ ಸಾಕಿಲ್ವಾ?”

“ಪಾಪಕ್ಕೆ ಮದುವೆಯಾಗಿದ್ದು ಅಂತ ಅವತ್ತೇ ಹೇಳಿದ್ರೆ ನಾನು ಬಾವಿಗೆ ಬೀಳ್ತಿದ್ದೆ, ನಿಮ್ಮ ಕೈ ಹಿಡೀತಿರಲಿಲ್ಲ. ಆ ದಯಾನಂದ್ ಫೋಟೋಗೆ ದಿನಾ ಹಾರ ಹಾಕ್ತೀರಲ್ಲ, ಯಾತಕ್ಕೆ? ನೀವು ಹೇಳಿದ ಸಾಕ್ಷಿಗೆ ತಾನೇ ಅವನು ನಿಮ್ಮನ್ನ ಓದಿಸಿದ್ದು?”

“ನಾನು ಕಲಿತ ವಿದ್ಯೆಯಲ್ಲೇ ಈ ಮನೆ ನಡೀತಿರೋದು.”

“ಅದೇ ಹೇಳ್ತಿರೋದು ನಾನೂ. ಆ ವಿದ್ಯೆ ಎಲ್ಲಿ ಕಲಿತ್ರಿ ಅಂತ ಈಗ ಗೊತ್ತಾಯ್ತು.”

ಸೂರ್ಯಪ್ರಕಾಶ್ ಕೈ ತೊಳೆದು ಎದ್ದ. ಬಾಗಿಲಲ್ಲಿ ನಿಂತು, “ಮುದುಕರಿಗೆ ಎಪ್ಪತ್ತಾರು. ಹೇಳಿ ಸಾಯಿಸ್ಬೇಡ. ನನಗಲ್ಲ, ಅವರಿಗೋಸ್ಕರ ಕೇಳ್ತಿದೀನಿ,” ಎಂದ. ಆ ಮಾತೊಂದರಲ್ಲಿ ಅವನ ಲಾಭವೂ ಇತ್ತು, ನಿಜವೂ ಇತ್ತು. ವಕೀಲರ ಮಾತೇ ಹಾಗೆ.

ಆಮೇಲಿನ ಹತ್ತು ದಿನ ಗಂಡ ಹೆಂಡತಿಯ ನಡುವೆ ಪಾತ್ರೆಗಳ ಸದ್ದು ಬಿಟ್ಟರೆ ಬೇರೆ ಮಾತಿರಲಿಲ್ಲ. ಪರಿಚಯ ಬರೆಯುವುದಿಲ್ಲವೆಂದು ಲಿಖಿತಾ ಅಪ್ಪನ ಮುಖಕ್ಕೇ ಹೇಳಿದಳು. ಅವನು ಗುಮಾಸ್ತ ಭೀಮರಾಜುವಿನ ಕೈಯಲ್ಲಿ ಬರೆಸಿದ. ‘ದುಃಖದ ಸುದ್ದಿ ಹೇಳಲಾರದೆ ಎಳನೀರು ಬೇಡಿದ ಮಾತೃಹೃದಯಿ’ ಎಂದು ಭೀಮರಾಜು ದಪ್ಪಕ್ಷರದಲ್ಲಿ ಹಾಕಿಸಿದ್ದ. ಐನೂರು ಪ್ರತಿ ಅಚ್ಚಾಗಿ ಬಂದು ಹಜಾರದ ಮೂಲೆಯಲ್ಲಿ ಕೂತವು.

“ತಾತಂಗೆ ಹೇಳ್ಬೇಕಮ್ಮ,” ಎಂದು ಲಿಖಿತಾ ದಿನಕ್ಕೊಮ್ಮೆ ಪೀಡಿಸುತ್ತಿದ್ದಳು.

“ಹೇಳಿ? ಎಲ್ಲಿಗೆ ಹೋಗ್ತಾರೆ ಈ ವಯಸ್ಸಲ್ಲಿ? ಒಬ್ಬ ಮಗ ಹೋದ, ಇನ್ನೊಬ್ಬ ಮಗ ಇದಾನೆ ಅಂತ ನಂಬಿಕೊಂಡಿದಾರೆ. ಅವನನ್ನೂ ಕಿತ್ಕೊಳ್ಲಾ?”

“ಸುಳ್ಳು ಮಗನ್ನ ತಾನೇ.”

“ನೀನು ಓದ್ದೋಳು, ನಿಂಗೆ ಸುಲಭ. ಬುಡು.”

ಮುದುಕರು ಮಾತ್ರ ಇಪ್ಪತ್ತೈದು ವರ್ಷದಲ್ಲಿ ಇಲ್ಲದ ಹುರುಪಿನಲ್ಲಿದ್ದರು. ಸಮಾರಂಭದಲ್ಲಿ ಎರಡು ಮಾತಾಡಬೇಕೆಂದು ಅಳಿಯನ ಸ್ನೇಹಿತರು ಕೇಳಿದ್ದರು. ಬಂದವರಿಗೆಲ್ಲ ತಮ್ಮ ತೋಟದ ಎಳನೀರೇ ಕೊಡಬೇಕೆಂದು ಅವರೇ ಹಟ ಹಿಡಿದಿದ್ದರು. ಹಾಗೆ ಅವರು ಊಟದ ಹೊತ್ತಿನಲ್ಲಿ ಹೇಳುವಾಗಲೆಲ್ಲ ವಿಮಲಮ್ಮ ಸಾರು ತರುವ ನೆಪದಲ್ಲಿ ಎದ್ದು ಒಳಗೆ ಹೋಗುತ್ತಿದ್ದಳು. ಸೂರ್ಯಪ್ರಕಾಶ್ ಮಾತ್ರ, “ಯಾಕೆ ಮಾವ ತೊಂದ್ರೆ, ಹೋಟ್ಲಿಂದ ಜ್ಯೂಸ್ ತರಿಸ್ತೀನಿ” ಎಂದು ಒಮ್ಮೆ ಮೆಲ್ಲಗೆ ಅಂದಿದ್ದ.

“ಏ, ಸುಮ್ಕಿರಿ ಅಳಿಯಂದ್ರೇ. ಎಳ್ನೀರಲ್ಲಿ ಶುರುವಾದ ನೆಂಟಸ್ತನ ಇದು!”

ಎಂಟನೇ ತಾರೀಕು ಬೆಳಿಗ್ಗೆ ಎಂಟೂವರೆಗೆ ದುರ್ಗಯ್ಯ ಆಟೋ ತಂದು ನಿಲ್ಲಿಸಿದ. ಅಂಗಳದಲ್ಲಿ ಇನ್ನೂರೈವತ್ತು ಎಳನೀರು ರಾಶಿಯಾಯಿತು. ಸಮಾರಂಭದ ಛತ್ರಕ್ಕೆ ಒಯ್ಯುವ ಮೊದಲು ಎಲ್ಲದರ ತಲೆ ಹಸನು ಮಾಡಿ ಕೊಡುವುದೆಂದು ಬಸವರಾಜಪ್ಪನವರು ವಿಭೂತಿ ಹಚ್ಚಿ, ಮಡಿ ಪಂಚೆ ಉಟ್ಟು, ಮಣೆ ಹಾಕಿಕೊಂಡು ಕೂತರು. ದುರ್ಗಯ್ಯ ನಲ್ಲಿಯ ಹತ್ತಿರ ಮುಖ ತೊಳೆಯುತ್ತಿದ್ದ. ಒಳಗೆ ಸೂರ್ಯಪ್ರಕಾಶ್ ರೇಷ್ಮೆ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ.

“ನೋಡು ವಿಮ್ಲೀ,” ಮುದುಕರು ಒಂದು ಎಳನೀರನ್ನು ಅಂಗೈಯಲ್ಲಿ ತಿರುಗಿಸಿದರು, “ಅವತ್ತು ನಾಲ್ಕೇ ನಾಲ್ಕು ಕೊಟ್ಟಿದ್ದೆ. ಇವತ್ತು ಇನ್ನೂರೈವತ್ತು. ಮಲ್ಲೇಸ ಇದ್ದಿದ್ರೂ ಇಷ್ಟೇ ಖುಷಿಪಡ್ತಿದ್ದ.” ಮಚ್ಚು ಎತ್ತಿದರು.

ಹತ್ತು ದಿನ ಹಲ್ಲು ಕಚ್ಚಿ ಹಿಡಿದಿದ್ದ ವಿಮಲಮ್ಮನಿಗೆ ಅದನ್ನು ನೋಡಲಾಗಲಿಲ್ಲ. ಒಂದು ಸಲ ತಿಳಿಯದೆ ಕೊಟ್ಟ ಕೈ ಇನ್ನೊಂದು ಸಲವೂ ತಿಳಿಯದೆ ಕೊಡುವುದನ್ನು ನೋಡುತ್ತಾ ನಿಲ್ಲುವುದಕ್ಕಿಂತ ಏನಾದರೂ ಆಗಲಿ ಎನ್ನಿಸಿತು.

“ಕೊಚ್ಚಬ್ಯಾಡ ಅಪ್ಪ.”

“ಯಾಕವ್ವ?”

ಅವಳು ಎದುರಿಗೆ ಕುಕ್ಕರುಗಾಲಲ್ಲಿ ಕೂತು ಹೇಳಿದಳು. ಮುಚ್ಚಿಡಲಿಲ್ಲ, ಸೇರಿಸಲೂ ಇಲ್ಲ. ಜೀಪಿನಲ್ಲಿದ್ದವನು ಯಾರು, ಅಲ್ಲಿಗೆ ಯಾಕೆ ಬಂದರು, ಕೋರ್ಟಿನಲ್ಲಿ ಅಳಿಯ ಏನು ಹೇಳಿದ, ಮಲ್ಲೇಶನ ಹೆಸರು ಯಾವಾಗ ಕಿವಿಗೆ ಬಿತ್ತು, ಆಮೇಲೆ ಎಷ್ಟು ಎಳನೀರು ಕೇಳಿದ. ಮುದುಕರು ನಡುವೆ ಒಂದೇ ಒಂದು ಪ್ರಶ್ನೆ ಕೇಳಿದರು.

“ಆ ಡಾಕ್ಟ್ರು?”

“ಡಾಕ್ಟ್ರದೇನೂ ತಪ್ಪಿರಲಿಲ್ಲ ಅಪ್ಪ.”

“ಮಣ್ಣು ತೂರಿದೀನಲ್ಲವ್ವ. ಅವನ ಮಕ್ಳು ಮರಿ ನಾಶ ಆಗ್ಲಿ ಅಂದಿದೀನಲ್ಲ,” ಎಂದು ಮಚ್ಚನ್ನು ಎಡಗೈಗೆ ತೆಗೆದುಕೊಂಡು, ಬಲಗೈಯನ್ನು ಬಿಡಿಸಿ ನೋಡಿಕೊಂಡರು. ಅಳಲಿಲ್ಲ. ನಂತರ ಗೋಡೆ ಹಿಡಿದು ಎದ್ದು ನಿಂತರು.

“ಪೊಲೀಸ್ನೋರೇ,” ಎಂದು ಕೂಗಿದರು.

ಸೂರ್ಯಪ್ರಕಾಶ್ ಬಾಗಿಲಿಗೆ ಬಂದ. ಇಪ್ಪತ್ತಮೂರು ವರ್ಷ ಅಳಿಯಂದ್ರೇ ಎನ್ನಿಸಿಕೊಂಡವನಿಗೆ ಆ ಒಂದು ಕೂಗಿನಲ್ಲೇ ಎಲ್ಲವೂ ಅರ್ಥವಾಯಿತು. ಮುದುಕರ ಕೈಯಲ್ಲಿದ್ದ ಮಚ್ಚನ್ನು ನೋಡಿ ಹೊಸ್ತಿಲಲ್ಲೇ ನಿಂತ. ಬಸವರಾಜಪ್ಪನವರು ಮಚ್ಚನ್ನು ಮಣೆಯ ಮೇಲಿಟ್ಟು, ಖಾಲಿ ಕೈ ಮುಂದೆ ಚಾಚಿದರು.

“ಮೊದಲಿನ ಎರಡು ಹೋಗ್ಲಿ. ನಿಂಗೆ ತಿಳೀದು, ನಂಗೂ ತಿಳೀದು. ಅದು ಧರ್ಮಕ್ಕೆ ಕೊಟ್ಟಿದ್ದು. ಕೊನೇ ಎರಡಕ್ಕೆ ಕಾಸು ಕೊಡು.”

“ಮಾವ, ಒಳಗೆ ಬನ್ನಿ, ಕೂತ್ಕೊಂಡು ಮಾತಾಡಣ...”

“ಆಗಿನ ರೇಟು ಒಂದಕ್ಕೆ ಐದು. ಹತ್ತು ರೂಪಾಯಿ ಕೊಡು.”

ಸೂರ್ಯಪ್ರಕಾಶ್ ಜೇಬು ತಡಕಿದ. ಐನೂರರ ನೋಟುಗಳಿದ್ದವು. ಒಂದನ್ನು ಚಾಚಿದ. ಮುದುಕರು ಮುಟ್ಟಲಿಲ್ಲ. ವಿಮಲಮ್ಮನ ಕಡೆ ನೋಡಿದ, ಅವಳು ಕದಲಲಿಲ್ಲ. ದುರ್ಗಯ್ಯ ಏನೂ ತಿಳಿಯದೆ ತನ್ನ ಜೇಬಿಗೆ ಕೈ ಹಾಕಿದ.

“ಬ್ಯಾಡ ದುರ್ಗಯ್ಯ. ಅವರೇ ಕೊಡ್ಬೇಕು,” ಎಂದರು ಮುದುಕರು.

ಕೊನೆಗೆ ರೇಷ್ಮೆ ಅಂಗಿ, ಜರಿ ಪಂಚೆಯಲ್ಲಿ ವಕೀಲ ಸೂರ್ಯಪ್ರಕಾಶ್ ಬೀದಿ ಕೊನೆಯ ಅಂಗಡಿಗೆ ನಡೆದುಹೋಗಿ ಚಿಲ್ಲರೆ ಮಾಡಿಸಿಕೊಂಡು ಬಂದ. ಅಂಗಡಿಯವನು ಅಭಿನಂದನೆ ಸಾರ್ ಎಂದು ಕೈ ಕುಲುಕಿದ್ದು ಇಲ್ಲಿಗೇ ಕಾಣುತ್ತಿತ್ತು. ಬಂದು ಹತ್ತು ರೂಪಾಯಿ ಮುದುಕರ ಅಂಗೈ ಮೇಲಿಟ್ಟ. ಅವರು ಅದನ್ನು ಪಂಚೆಯ ಚುಂಗಿಗೆ ಗಂಟು ಹಾಕಿಕೊಂಡರು.

“ಈಗ ಅದು ವ್ಯಾಪಾರ ಆಯ್ತು,” ಎಂದರು. “ಮಗನ್ನ ಕೊಂದೋನಿಗೆ ಅಪ್ಪ ಧರ್ಮಕ್ಕೆ ಎಳ್ನೀರು ಕೊಟ್ಟ ಅಂತ ಆಗಬಾರ್ದು ನೋಡು. ನಾಳೆ ನಾನು ತೋಟಕ್ಕೆ ಹೋಗ್ತೀನಿ ವಿಮ್ಲೀ.”

“ನಾನೂ ಬತ್ತೀನಿ ಅಪ್ಪ.”

ಛತ್ರದಿಂದ ಕಾರು ಬಂದು ಹಾರನ್ ಮಾಡಿತು. ಸೂರ್ಯಪ್ರಕಾಶ್ ಹೆಂಡತಿಯ ಮುಂದೆ ನಿಂತು, “ಇವತ್ತೊಂದು ದಿನ ಬಾರೇ. ಜನ ಏನಂತಾರೆ?” ಎಂದ.

“ಹುಷಾರಿಲ್ಲ ಅನ್ನಿ. ಸುಳ್ಳು ಹೇಳೋದು ನಿಮಗೆ ಹೊಸದಾ?”

ಅವನು ಪುಸ್ತಿಕೆಗಳ ಕಟ್ಟನ್ನು ಕಾರಿನ ಡಿಕ್ಕಿಗೆ ತಾನೇ ತುಂಬಿಕೊಂಡು ಹೋದ. ಲಿಖಿತಾ ತನ್ನ ಕೋಣೆಯಿಂದ ಹೊರಗೆ ಬರಲೇ ಇಲ್ಲ.

ಅಂಗಳದಲ್ಲಿ ಎಳನೀರಿನ ರಾಶಿ ಹಾಗೇ ಇತ್ತು. ಬಿಸಿಲು ಏರಿತ್ತು. ದುರ್ಗಯ್ಯನಿಗೆ ಇದೆಲ್ಲ ಮನೆಯವರ ಜಗಳ ಎಂದಷ್ಟೇ ತಿಳಿದಿತ್ತು. ವಾತಾವರಣ ತಿಳಿಯಾಗಲೆಂದು ಹಲ್ಲು ಕಿರಿದು, “ಯಜಮಾನ್ರೇ, ನಂದೊಂದು ಮರ್ತೇಬುಟ್ರಲ್ಲ. ಮಾಯಸಂದ್ರದಿಂದ ಬಾಯಿ ಒಣಗಿಸ್ಕೊಂಡು ಬಂದಿದೀನಿ,” ಎಂದ.

ಬಸವರಾಜಪ್ಪನವರು ರಾಶಿಯಿಂದ ಒಂದನ್ನು ಎತ್ತಿಕೊಂಡರು. ಮಚ್ಚಿಗೆ ಕೈ ಹಾಕಿದವರು ನಿಲ್ಲಿಸಿದರು.

“ಮೂವತ್ತು ರೂಪಾಯಿ.”

ದುರ್ಗಯ್ಯ ತಮಾಷೆ ಎಂದುಕೊಂಡು ಗಟ್ಟಿಯಾಗಿ ನಕ್ಕ. ಮುದುಕರ ಮುಖ ನೋಡಿ ನಗು ನಿಲ್ಲಿಸಿದ. “ನಂಗಾ ಯಜಮಾನ್ರೇ?”

“ಯಾರಿಗಾದ್ರೂ. ಕಾಸು ಮೊದ್ಲು ಇಡಪ್ಪ.”

ವಿಮಲಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಅಣ್ಣನನ್ನು ಕೊಂದವನು ಮೋಹನ್ ಕುಮಾರ್. ಅಪ್ಪನ ಈ ಕೊಡುವ ಕೈಯನ್ನು ಕೊಂದವನು ತನ್ನ ಗಂಡ, ಅದಕ್ಕೆ ಯಾವ ಕೋರ್ಟೂ ಇಲ್ಲ ಎಂದುಕೊಂಡಳು. ಹೇಳಿದವಳು ತಾನೇ ಎಂಬುದೂ ನೆನಪಾಗಿ ಅವಳಿಗೆ ಆಗ ಅಳು ಬಂತು.

ದುರ್ಗಯ್ಯ ಅಂಗಿಯ ಜೇಬು, ಒಳ ಜೇಬು ಎಲ್ಲ ಹುಡುಕಿ ಮೂರು ಹತ್ತರ ನೋಟು ತೆಗೆದು ಮಣೆಯ ಮೇಲಿಟ್ಟ. ಬಸವರಾಜಪ್ಪನವರು ಅವನ್ನು ಎಣಿಸಿ ಚುಂಗಿಗೆ ಸೇರಿಸಿಕೊಂಡು, ಆಮೇಲೆ ಎಳನೀರು ಕೊಚ್ಚಿ ಕೊಟ್ಟರು.